ಎರಡೂವರೆ ಎಕರೆ ಹುಲ್ಲು, ಒಂದು ಕೆರೆ ಏರಿ: ಝೀರೋ ಟರ್ನ್ ಮೋವರ್ ತಗೊಂಡ ಅನುಭವ

ಕಳೆದ ಚಳಿಗಾಲದಲ್ಲಿ ನಾವು ಕೇರಿ (Cary) ಅನ್ನುವ ಊರಿನ ಮನೆ ಮಾರಿ ಚಾಥಮ್ ಕೌಂಟಿಗೆ ಬಂದೆವು. ನಾರ್ತ್ ಕ್ಯಾರೊಲೈನಾದಲ್ಲಿ, ಪಿಟ್ಸ್‌ಬರೋ ಹತ್ತಿರ. ಜಾಗ ಮೂರೂವರೆ ಎಕರೆ, ಅಂದರೆ ನಮ್ಮೂರ ಲೆಕ್ಕದಲ್ಲಿ 140 ಗುಂಟೆ. ಮನೆ, ಡ್ರೈವ್‌ವೇ, ಮರಗಳ ಬುಡ ಎಲ್ಲ ಬಿಟ್ಟರೆ ಹುಲ್ಲು ಹೊಡೆಯಲೇಬೇಕಾದದ್ದು ಎರಡೂವರೆ ಎಕರೆ. ಮಾರ್ಚ್‌ನಲ್ಲಿ ಮೋವರ್ ಹುಡುಕಲು ಶುರು ಮಾಡಿದೆ, ಅದು ಮನೆಗೆ ಬಂದದ್ದು ಮೇ ಕೊನೆಗೆ. ಎಲ್ಲ ಹಸಿಯಾಗಿ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಮುಂದೆ ತಗೊಳ್ಳುವವರಿಗೆ ಓಡಾಟ ಸ್ವಲ್ಪವಾದರೂ ಕಡಿಮೆಯಾಗಲಿ.

ಮೊದಲೇ ಒಂದು ಮಾತು. ಯಾವ ಕಂಪನಿ, ಎಷ್ಟು ಹಾರ್ಸ್‌ಪವರ್ ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ನಿಮ್ಮ ಜಾಗ ಅಳೆಯಿರಿ. ಇಳಿಜಾರು ಎಷ್ಟು, ಗೇಟು ಎಷ್ಟು ಅಗಲ, ಶೆಡ್ಡಿನ ಬಾಗಿಲು ಎಷ್ಟು. ಈ ಮೂರು ಗೊತ್ತಾದರೆ ಅಂಗಡಿಯಲ್ಲಿ ಸಾಲಾಗಿ ನಿಂತಿರುವ ಮೋವರ್‌ಗಳಲ್ಲಿ ಅರ್ಧ ತಾವಾಗಿಯೇ ಬಿಟ್ಟುಹೋಗುತ್ತವೆ.

ಮೊದಲು ಆಳು ಇಟ್ಟು ಹೊಡೆಸೋಣ ಅಂತಲೇ ಇತ್ತು. ಇಲ್ಲಿನ ಹುಲ್ಲು ಫೆಸ್ಕ್ಯೂ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಹೊಡೆಯದಿದ್ದರೆ ಕೈ ಮೀರುತ್ತದೆ. ಬೇಸಿಗೆಯ ಬಿಸಿಲಿಗೆ ಸುಮ್ಮನಾಗಿ, ಸೆಪ್ಟೆಂಬರ್ ನಂತರ ಮತ್ತೆ ಎದ್ದು ಬರುತ್ತದೆ. ಬಂದು ನೋಡಿದವರು ಒಂದು ಸಲಕ್ಕೆ 140 ಡಾಲರ್ ಕೇಳಿದರು. ಅವರು ಕೇಳಿದ್ದು ಜಾಸ್ತಿ ಅಂತ ನಾನು ಹೇಳುವುದಿಲ್ಲ, ಟ್ರೇಲರ್ ಎಳೆದುಕೊಂಡು ಅಷ್ಟು ದೂರ ಬರಬೇಕಲ್ವಾ. ಆದರೆ ವರ್ಷಕ್ಕೆ ಇಪ್ಪತ್ತೈದು ಸಲ ಹಿಡಿದರೂ 3,500 ಡಾಲರ್. ಎರಡು ವರ್ಷದ ದುಡ್ಡಿಗೆ ಒಂದು ಒಳ್ಳೆಯ ಯಂತ್ರವೇ ಬರುತ್ತದೆ. ಹಾಗಾಗಿ ಯಂತ್ರವನ್ನೇ ತಗೊಳ್ಳೋಣ ಅಂತ ಮನೆಯಲ್ಲಿ ತೀರ್ಮಾನವಾಯಿತು.

ಝೀರೋ ಟರ್ನ್ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಸಾಮಾನ್ಯವಾಗಿ ಇದಕ್ಕೆ ಸ್ಟೀರಿಂಗ್ ಚಕ್ರ ಇರುವುದಿಲ್ಲ, ಎರಡು ಕೈಗೆ ಎರಡು ಹಿಡಿ. ಹಿಂದಿನ ಒಂದೊಂದು ಚಕ್ರಕ್ಕೂ ಒಂದೊಂದು ಹೈಡ್ರಾಲಿಕ್ ಟ್ರಾನ್ಸ್‌ಮಿಷನ್, ಅಂದರೆ ಎಂಜಿನ್ನಿನ ಬಲವನ್ನು ಆಯಿಲ್ ಒತ್ತಡದಿಂದ ಚಕ್ರಕ್ಕೆ ಮುಟ್ಟಿಸುವ ಭಾಗ. ಒಂದು ಹಿಡಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಒತ್ತಿದರೆ ನಿಂತಲ್ಲೇ ತಿರುಗುತ್ತದೆ. ಮುಂದಿನ ಎರಡು ಚಕ್ರಗಳು ಅಂಗಡಿಯ ತಳ್ಳುಗಾಡಿಯ ಚಕ್ರದ ಹಾಗೆ, ಎಳೆದ ಕಡೆ ತಿರುಗುತ್ತವೆ ಅಷ್ಟೆ. ತಿರುಗಿಸುವುದೂ ಹಿಂದಿನ ಚಕ್ರ, ನಿಲ್ಲಿಸುವುದೂ ಹಿಂದಿನ ಚಕ್ರ. ಮರಗಳು ಜಾಸ್ತಿ ಇರುವ ಸಮತಟ್ಟು ಜಾಗಕ್ಕೆ ಇದರಷ್ಟು ಬೇಗ ಕೆಲಸ ಮುಗಿಸುವ ಯಂತ್ರ ಬೇರೆ ಇಲ್ಲ. ಆದರೆ ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿತು ಅಂದರೆ ತಿರುಗಿಸುವುದೂ ಆಗುವುದಿಲ್ಲ, ನಿಲ್ಲಿಸುವುದೂ ಆಗುವುದಿಲ್ಲ.

ಇದನ್ನು ನನ್ನ ತಲೆಗೆ ಹಾಕಿದ್ದು ಅಪ್ಪ. ಸಾಗರದಿಂದ ಬಂದು ನಮ್ಮ ಜೊತೆ ಇದ್ದಾರೆ. ಮನೆ ಹಿಂದೆ ಒಂದು ಸಣ್ಣ ಕೆರೆ ಇದೆ, ಹಿಂದಿನ ಕಾಲದಲ್ಲಿ ದನಕ್ಕೆ ನೀರಿಗೆಂದು ತೋಡಿಸಿದ್ದು. ಅದರ ಏರಿಯ ಹೊರಮೈ ತುಂಬ ಹುಲ್ಲು. ನಾನು ಲ್ಯಾಪ್‌ಟಾಪ್‌ನಲ್ಲಿ ಮೋವರ್ ತೋರಿಸುತ್ತಿದ್ದಾಗ ಅವರು ಕಿಟಕಿಯಿಂದ ಹೊರಗೆ ನೋಡಿ, "ಅದೆಲ್ಲ ಸರಿ ಮಾರಾಯ, ಆ ಏರಿ ಮೇಲೆ ಇದನ್ನು ಹೆಂಗೆ ಓಡಿಸ್ತೀಯ? ಗದ್ದೆ ಬದುವಿನ ಮೇಲೆ ಟ್ರ್ಯಾಕ್ಟರ್ ಮಗುಚಿದ್ದು ನೋಡಿಲ್ವಾ ನೀನು?" ಅಂದರು. ಅಂಗಡಿಯವರು ಯಾರೂ ಕೇಳದಿದ್ದ ಪ್ರಶ್ನೆ ಅದು.

ಮರುದಿನ ಬೆಳಗ್ಗೆ ಇಬ್ಬರೂ ಸೇರಿ ಅಳೆದೆವು. ವಿಧಾನ ಸುಲಭ, ಯಾರು ಬೇಕಾದರೂ ಮಾಡಬಹುದು. ಇಳಿಜಾರಿನ ಮೇಲ್ತುದಿಯಲ್ಲಿ ನೆಲಕ್ಕೆ ಒಂದು ಗೂಟ ಹೊಡೆಯಿರಿ. ಅದರ ಬುಡಕ್ಕೆ ದಾರ ಕಟ್ಟಿ ಇಳಿಜಾರಿನ ಕಡೆಗೆ ಹತ್ತು ಅಡಿ ಎಳೆಯಿರಿ. ದಾರದ ನಡುವೆ ತೂಗುಹಾಕುವ ಸಣ್ಣ ಲೆವೆಲ್ ಬರುತ್ತದೆ, ಗಾರೆ ಕೆಲಸದವರು ಬಳಸುವಂಥದ್ದು, ಅದರ ನೀರುಗುಳ್ಳೆ ನಡುವಿಗೆ ಬರುವ ತನಕ ಆ ತುದಿ ಮೇಲೆ ಕೆಳಗೆ ಮಾಡಿ. ಆಮೇಲೆ ಆ ತುದಿಯಿಂದ ನೆಲಕ್ಕೆ ಟೇಪ್ ಹಿಡಿಯಿರಿ. ಹತ್ತು ಅಡಿಗೆ 2 ಅಡಿ 8 ಇಂಚು ಇಳಿದರೆ ಅದು 15 ಡಿಗ್ರಿ. ಸುಮಾರು ಕಂಪನಿಗಳ ಮ್ಯಾನುಯಲ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಇಳಿಜಾರಿಗೆ ಹೋಗಲೇಬೇಡಿ ಅಂತ ಬರೆದಿದೆ. ಕೆಲವು ಮಾಡೆಲ್‌ಗಳಿಗೆ 10 ಡಿಗ್ರಿ ಮಾತ್ರ, ಅಂದರೆ 1 ಅಡಿ 9 ಇಂಚು. ನಮ್ಮ ಹಿತ್ತಲು 1 ಅಡಿ 2 ಇಂಚು ಬಂತು, ಚಿಂತೆ ಇಲ್ಲ. ಏರಿಯ ಹತ್ತಿರ ಅಪ್ಪ ದಾರ ಹಿಡಿದು ನಿಂತರು, ನಾನು ಕೆಳಗೆ ಕೂತು ಟೇಪ್ ಬಿಟ್ಟೆ. 3 ಅಡಿ 4 ಇಂಚು. ಹದಿನೆಂಟು ಡಿಗ್ರಿಗಿಂತ ಜಾಸ್ತಿ. ಆ ಜಾಗವನ್ನು ಪಟ್ಟಿಯಿಂದಲೇ ತೆಗೆದೆವು. ಏರಿಗೆ ಬೇರೆ ದಾರಿ, ಉಳಿದದ್ದಕ್ಕೆ ಮೋವರ್.

ನಿಮ್ಮ ಜಾಗದ ಬಹುಭಾಗ 10 ಡಿಗ್ರಿ ದಾಟುತ್ತಿದ್ದರೆ ನನ್ನ ಸಲಹೆ ಇಷ್ಟೆ: ಎರಡು ಹಿಡಿಯ ಝೀರೋ ಟರ್ನ್ ಆಸೆ ಬಿಡಿ. ಸಾಮಾನ್ಯ ಲಾನ್ ಟ್ರ್ಯಾಕ್ಟರ್ ನೋಡಿ, ಇಲ್ಲವೇ ಸ್ಟೀರಿಂಗ್ ಚಕ್ರ ಇರುವ ಝೀರೋ ಟರ್ನ್ ಬರುತ್ತವೆ, ಅದರಲ್ಲಿ ಕೆಲವು ಮಾಡೆಲ್‌ಗಳಲ್ಲಿ ಮುಂದಿನ ಚಕ್ರಗಳೂ ನಿಮ್ಮ ಹಿಡಿತದಲ್ಲಿರುತ್ತವೆ. ಅದಕ್ಕೂ ಮ್ಯಾನುಯಲ್‌ನಲ್ಲಿ ಮಿತಿ ಇದ್ದೇ ಇರುತ್ತದೆ, ಓದಿಕೊಳ್ಳಿ.

ಆಮೇಲೆ ಅಗಲದ ಪ್ರಶ್ನೆ. ಡೆಕ್, ಅಂದರೆ ಬ್ಲೇಡುಗಳನ್ನು ಮುಚ್ಚಿರುವ ಲೋಹದ ಕವಚ, ಸಾಮಾನ್ಯವಾಗಿ 42 ಇಂಚಿನಿಂದ 60, 72ರ ತನಕ ಬರುತ್ತದೆ. ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಒಂದು ಲೆಕ್ಕ ಇದೆ. ಗಂಟೆಗೆ ಎಷ್ಟು ಮೈಲಿ ವೇಗವೋ ಅದನ್ನು ಡೆಕ್ಕಿನ ಇಂಚಿನಿಂದ ಗುಣಿಸಿ 99ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಎಕರೆ ಅಂತ ಬರುತ್ತದೆ. ತಿರುಗಿಸುವುದು, ಒಂದರ ಮೇಲೊಂದು ಬೀಳುವ ಅಂಚು ಇದಕ್ಕೆಲ್ಲ ಐದರಲ್ಲೊಂದು ಪಾಲು ಕಳೆಯಿರಿ. ಐದು ಮೈಲಿ ವೇಗದಲ್ಲಿ ನಮ್ಮ ಎರಡೂವರೆ ಎಕರೆಗೆ 48 ಇಂಚಿನ ಡೆಕ್ಕಿಗೆ ಒಂದು ಗಂಟೆ ಹದಿನೇಳು ನಿಮಿಷ ಬೇಕು, 60 ಇಂಚಿನದಕ್ಕೆ ಒಂದು ಗಂಟೆ ಎರಡು ನಿಮಿಷ. ವಾರಕ್ಕೆ ಕಾಲು ಗಂಟೆ ಉಳಿಸಲು ಮೂರ್ನಾಲ್ಕು ಸಾವಿರ ಡಾಲರ್ ಜಾಸ್ತಿ ಯಾಕೆ?

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಡೆಕ್ 48 ಇಂಚು ಅಂದರೆ ಬ್ಲೇಡ್ ಕತ್ತರಿಸುವ ಅಗಲ 48 ಇಂಚು. ಯಂತ್ರದ ಅಗಲ ಅದಲ್ಲ. ಪಕ್ಕದಲ್ಲಿ ಹುಲ್ಲು ಹೊರಹಾಕುವ ರಬ್ಬರ್ ರೆಕ್ಕೆ ಇರುತ್ತದೆ, ಅದನ್ನು ಇಳಿಸಿದರೆ ಇನ್ನೂ ಹತ್ತು ಹನ್ನೆರಡು ಇಂಚು ಸೇರುತ್ತದೆ. ನಮ್ಮ ಶೆಡ್ಡಿನ ಬಾಗಿಲು 60 ಇಂಚು. 54ರ ಡೆಕ್ ಇರುವ ಯಂತ್ರ ಅಲ್ಲಿ ರೆಕ್ಕೆ ಎತ್ತಿ ಕಟ್ಟಿಕೊಂಡೇ ಒಳಗೆ ಹೋಗಬೇಕಿತ್ತು, ಅದೂ ಎರಡು ಕಡೆ ಎರಡು ಬೆರಳು ಬಿಟ್ಟು. ಪ್ರತಿ ಸಲ ಯಾರು ಅದನ್ನು ಮಾಡುತ್ತಾರೆ! ಹಾಗಾಗಿ 48ಕ್ಕೆ ನಿಂತೆವು. ಬೇಲಿಯ ಗೇಟು 48 ಇಂಚಿನದು ಇದ್ದವರು 42ರ ಡೆಕ್ಕನ್ನೇ ನೋಡಬೇಕು, ಅದನ್ನೂ ಕಾಗದದ ಮೇಲಲ್ಲ, ಅಂಗಡಿಗೆ ಟೇಪ್ ತಗೊಂಡು ಹೋಗಿ ಹಿಂದಿನ ಚಕ್ರದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು.

ಮೊದಲು ದೊಡ್ಡ ಹಾರ್ಡ್‌ವೇರ್ ಅಂಗಡಿಗಳಿಗೆ ಹೋದೆವು. ಅಲ್ಲಿ ಬೆಲೆ ಕಡಿಮೆ, 3,000ದಿಂದ 4,500 ಡಾಲರ್ ಒಳಗೆ ಸಿಗುತ್ತದೆ. ಆದರೆ ಟ್ರಾನ್ಸ್‌ಮಿಷನ್ ಯಾವುದು ಅಂತ ಕೇಳಿದರೆ ಅಲ್ಲಿದ್ದ ಹುಡುಗರಿಗೆ ಗೊತ್ತಿರಲಿಲ್ಲ. ನಾನೇ ಬಗ್ಗಿ ಸೀಟಿನ ಕೆಳಗೆ ಟಾರ್ಚ್ ಬಿಟ್ಟು ಸ್ಟಿಕ್ಕರ್ ಓದಿದೆ. ಇದು ಯಾಕೆ ಮುಖ್ಯ ಅಂದರೆ, ಎಂಜಿನ್ ಕೆಟ್ಟರೆ ರಿಪೇರಿ ಮಾಡಬಹುದು, ಟ್ರಾನ್ಸ್‌ಮಿಷನ್ ಹೋದರೆ ಹಳೆಯ ಯಂತ್ರಕ್ಕೆ ಅಷ್ಟು ದುಡ್ಡು ಹಾಕುವುದು ಬೇಡ ಅನ್ನಿಸುವಷ್ಟು ಖರ್ಚು. ಅಗ್ಗದ ಮಾಡೆಲ್‌ಗಳಲ್ಲಿ ಹೈಡ್ರೋ ಗೇರ್ ಕಂಪನಿಯ ಇಝಡ್‌ಟಿ ಸಾಲಿನ ಟ್ರಾನ್ಸ್‌ಮಿಷನ್ ಇರುತ್ತದೆ, ಸಮತಟ್ಟಾದ ಸಣ್ಣ ಜಾಗಕ್ಕೆ ಸಾಕು. ಅದರ ಮೇಲಿನ ಹಂತ ಝಡ್‌ಟಿ 2800. ಇದರಲ್ಲಿ ಆಯಿಲ್ಲೂ ಫಿಲ್ಟರ್ರೂ ನಾವೇ ಬದಲಿಸಬಹುದು. ಎರಡು ಎಕರೆ ಮೀರಿದವರು, ಸ್ವಲ್ಪ ಏರುತಗ್ಗು ಇದ್ದವರು ಇದಕ್ಕಿಂತ ಕೆಳಗೆ ಹೋಗಬೇಡಿ.

ಡೆಕ್ಕಿನಲ್ಲೂ ಎರಡು ಬಗೆ. ಒಂದೇ ತಗಡನ್ನು ಒತ್ತಿ ಮಾಡಿದ್ದು, ಇನ್ನೊಂದು ದಪ್ಪ ಉಕ್ಕಿನ ಹಲಗೆ ಕತ್ತರಿಸಿ ವೆಲ್ಡ್ ಮಾಡಿದ್ದು. ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ, ಅಂಕಿ ಚಿಕ್ಕದಾದಷ್ಟೂ ತಗಡು ದಪ್ಪ. 10 ಗೇಜ್‌ಗಿಂತ 7 ಗೇಜ್ ಗಟ್ಟಿ. ನಮ್ಮ ಕಡೆ ಕೆಂಪು ಜೇಡಿಮಣ್ಣು, ಮಳೆ ಬಂದಾಗೆಲ್ಲ ಬೇರು, ಕಲ್ಲು ಮೇಲೇಳುತ್ತವೆ. ವೆಲ್ಡ್ ಮಾಡಿದ 10 ಗೇಜ್ ಡೆಕ್ ಸಾಕು ಅನ್ನಿಸಿತು. ಎಂಜಿನ್‌ ವಿಷಯದಲ್ಲಿ ಹಾರ್ಸ್‌ಪವರ್ ಒಂದೆರಡು ಆಚೆ ಈಚೆ ಆದರೆ ಏನೂ ಆಗುವುದಿಲ್ಲ. ಕವಾಸಾಕಿಯ ಎಫ್‌ಆರ್ ಸಾಲು ಮನೆಬಳಕೆಗೆ, ಎಫ್‌ಎಕ್ಸ್ ಸಾಲು ದಿನವಿಡೀ ಓಡಿಸುವವರಿಗೆ. ವಾರಕ್ಕೊಂದೂವರೆ ಗಂಟೆ ಓಡಿಸುವ ನಮಗೆ ಎಫ್‌ಆರ್ ಧಾರಾಳ.

ಬ್ಯಾಟರಿಯದ್ದನ್ನೂ ನೋಡಿದೆ, ಸದ್ದಿಲ್ಲ, ಹೊಗೆಯಿಲ್ಲ, ಆಸೆಯಾಯಿತು. ಒಂದು ಎಕರೆಯವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಹುಲ್ಲು ಉದ್ದ ಇದ್ದಾಗ, ಒದ್ದೆ ಇದ್ದಾಗ ಚಾರ್ಜ್ ಬೇಗ ಇಳಿಯುತ್ತದೆ, ನಮ್ಮಷ್ಟು ಜಾಗಕ್ಕೆ ಜಾಸ್ತಿ ಬ್ಯಾಟರಿ ಬೇಕು, ಅದರ ಬೆಲೆ ಸೇರಿದರೆ ಲೆಕ್ಕ ಮೇಲೆ ಹೋಗುತ್ತದೆ.

ಕೊನೆಗೆ ಡೀಲರ್ ಹತ್ತಿರ ಹೋದದ್ದು ರಿಪೇರಿ ಕಾರಣಕ್ಕೆ. ದೊಡ್ಡ ಅಂಗಡಿಯಿಂದ ತಂದ ಯಂತ್ರ ಮೇ ತಿಂಗಳಲ್ಲಿ ಕೆಟ್ಟರೆ ಯಾರು ನೋಡುತ್ತಾರೆ ಅಂತ ಎಲ್ಲ ಕಡೆ ಕೇಳಿದೆ. ಸರಿಯಾದ ಉತ್ತರ ಸಿಗಲಿಲ್ಲ. ಡೀಲರ್ ಮಾತ್ರ ಹಿಂದಿನ ಗ್ಯಾರೇಜಿಗೆ ಕರೆದುಕೊಂಡು ಹೋಗಿ ತೋರಿಸಿದ. ಗೋಡೆ ತುಂಬ ಬೆಲ್ಟು, ಬ್ಲೇಡು, ಫಿಲ್ಟರ್. ಅಲ್ಲಿಂದ ಕೊಂಡವರದು ರಿಪೇರಿಗೆ ಬಂದರೆ ಅದಕ್ಕೇ ಮೊದಲ ಸರದಿ ಅಂದ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ದಾರಿ. ಅಲ್ಲೇ ಮನಸ್ಸು ನಿಂತಿತು.

ಓಡಿಸಿ ನೋಡದೆ ಮಾತ್ರ ತಗೊಳ್ಳಬೇಡಿ. ಡೀಲರ್ ಹಿತ್ತಲಿನಲ್ಲಿ ಮೂರು ಮಾಡೆಲ್ ಓಡಿಸಿದೆ. ಹಿಡಿಗಳು ತುಂಬ ನಯ, ಮೊದಲಿಗೆ ಹಾವು ಹರಿದ ಹಾಗೆ ಓರೆಕೋರೆ ಹೋಗುತ್ತದೆ, ಅರ್ಧ ಗಂಟೆಯಲ್ಲಿ ಕೈಗೆ ಬರುತ್ತದೆ. ನಿಂತಲ್ಲೇ ಗಿರಕಿ ಹೊಡೆಸಿದರೆ ಒಳಗಿನ ಚಕ್ರ ಹುಲ್ಲನ್ನು ಬೇರು ಸಮೇತ ಕಿತ್ತು ಹಾಕುತ್ತದೆ. ಅದಕ್ಕೆ ತಿರುಗುವಾಗ ಎರಡೂ ಚಕ್ರ ಓಡುತ್ತಲೇ ಇರಬೇಕು, ಸ್ವಲ್ಪ ಹಿಂದೆ ಬಂದು ಮುಂದೆ ಹೋಗಬೇಕು. ಸೀಟನ್ನೂ ನೋಡಿ. ಒಂದು ಮಾಡೆಲ್‌ನಲ್ಲಿ ಹತ್ತು ನಿಮಿಷಕ್ಕೇ ಸೊಂಟ ಹಿಡಿದುಕೊಂಡಿತು. ನನ್ನ ಹೆಂಡತಿಯೂ ಓಡಿಸಿ ನೋಡಿದಳು, "ರೀ, ಕಾಲು ನೆಟ್ಟಗೆ ಇಡೋಕೆ ಜಾಗ ಇದ್ರಲ್ಲೇ ಇದೆ" ಅಂತ ಅವಳು ಹೇಳಿದ ಮಾಡೆಲ್ಲನ್ನೇ ಕೊನೆಗೆ ತಗೊಂಡೆವು.

ಅದಕ್ಕೆ ರೋಲ್ ಬಾರ್ ಹಾಕಿಸಿದೆವು. ಸೀಟಿನ ಹಿಂದೆ ಎತ್ತರಕ್ಕೆ ನಿಲ್ಲುವ ಕಬ್ಬಿಣದ ಕಮಾನು, ಮಗುಚಿದರೆ ಮೈಮೇಲೆ ಭಾರ ಬೀಳದ ಹಾಗೆ ತಡೆಯುವುದು. ಮನೆಬಳಕೆಯ ಸುಮಾರು ಮಾಡೆಲ್‌ಗಳಲ್ಲಿ ಇದು ಇರುವುದೇ ಇಲ್ಲ. ಹತ್ತಿರದಲ್ಲಿ ನೀರು, ದಿಬ್ಬ, ಕಲ್ಲಿನ ಗೋಡೆ ಏನಿದ್ದರೂ ದಯವಿಟ್ಟು ಇದರಲ್ಲಿ ಉಳಿತಾಯ ಮಾಡಬೇಡಿ. ಕಮಾನು ಎತ್ತಿದ್ದಾಗ ಸೀಟ್‌ಬೆಲ್ಟ್ ಹಾಕಲೇಬೇಕು. ಕೊಂಬೆ ತಾಗುತ್ತದೆ ಅಂತ ಮಡಚಿದ್ದರೆ ಬೆಲ್ಟ್ ಹಾಕಬಾರದು. ಈ ಎರಡೂ ಬಾಯಿಪಾಠ ಆಗಬೇಕು.

ಈಗ ದುಡ್ಡಿನ ವಿಷಯ. ಯಂತ್ರ, ರೋಲ್ ಬಾರ್ ಸೇರಿ 6,300 ಡಾಲರ್. ಅದರ ಮೇಲೆ ಸಾಗಣೆ ಮತ್ತು ಜೋಡಿಸುವ ಖರ್ಚು 250, ಮನೆಗೆ ತಂದುಕೊಡಲು 75. ಇದೆಲ್ಲದರ ಮೇಲೆ ಶೇ. 7 ತೆರಿಗೆ, ಈ ರಾಜ್ಯದಲ್ಲಿ ಡೆಲಿವರಿ ಖರ್ಚಿಗೂ ತೆರಿಗೆ ಇದೆ. ಒಟ್ಟು ಸುಮಾರು 7,090. ಹಾಗಾಗಿ ಬೆಲೆ ಕೇಳುವಾಗಲೇ ಎಲ್ಲ ಸೇರಿ ಕೊನೆಗೆ ಎಷ್ಟು ಅಂತ ಬರೆಸಿಕೊಳ್ಳಿ.

ಬಡ್ಡಿಯಿಲ್ಲದ ಕಂತಿನಲ್ಲಿ 48 ತಿಂಗಳು ಇತ್ತು. ಡ್ರೈವಿಂಗ್ ಲೈಸೆನ್ಸ್, ಸೋಷಿಯಲ್ ಸೆಕ್ಯುರಿಟಿ ನಂಬರ್, ಸಂಬಳದ ಚೀಟಿ, ಹೊಸ ವಿಳಾಸಕ್ಕೆ ಕರೆಂಟ್ ಬಿಲ್ ಕೊಟ್ಟೆ. ಅರ್ಜಿ ಹಾಕಿದ ಐದೇ ನಿಮಿಷಕ್ಕೆ ವಾಪಸ್ ಬಂತು. ಎದೆ ಧಸಕ್ ಅಂತು. ಕಾರಣ ಏನಂದರೆ, ಮನೆ ಸಾಲದ ಕೆಲಸ ಮುಗಿದ ಮೇಲೆ ಕಳ್ಳರ ಕಾಟ ಬೇಡ ಅಂತ ನಾನು ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ, ಅಂದರೆ ಎಲ್ಲರ ಸಾಲದ ದಾಖಲೆ ಇಡುವ ಕಂಪನಿಗಳಲ್ಲಿ, ನನ್ನ ದಾಖಲೆಗೆ ಬೀಗ ಹಾಕಿಸಿದ್ದೆ, ಸಾಲ ಕೊಡುವವರಿಗೆ ಅದು ಕಾಣಲಿಲ್ಲ. ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಕಡೆ ಬೇರೆ ಬೇರೆಯಾಗಿ ತೆಗೆಸಬೇಕು. 2018ರಿಂದ ಇದಕ್ಕೆ ಶುಲ್ಕ ಇಲ್ಲ, ಆನ್‌ಲೈನ್‌ನಲ್ಲಿ ಕೇಳಿದರೆ ಒಂದು ಗಂಟೆಯೊಳಗೆ ತೆಗೆಯಬೇಕು ಅಂತ ಕಾನೂನೇ ಇದೆ. ಒಂದು ಕಡೆ ಪಾಸ್‌ವರ್ಡ್ ಹಿಡಿಯದೆ ಫೋನಿನಲ್ಲಿ ಸಂಗೀತ ಕೇಳುತ್ತ ಕಾದು ಕೂತೆ. ಯಾವ ಬ್ಯೂರೋ ನೋಡುತ್ತಾರೆ ಅಂತ ಡೀಲರನ್ನು ಮೊದಲೇ ಕೇಳಿ, ಅದೊಂದನ್ನೇ ಕೆಲವು ದಿನದ ಮಟ್ಟಿಗೆ ತೆಗೆಸಿದರೆ ಸಾಕು.

ಇಲ್ಲಿ ಎರಡು ಎಚ್ಚರಿಕೆ. ಸಾಲ ಕೊಡುವವರು ಯಂತ್ರಕ್ಕೆ ವಿಮೆ ಬೇಕು ಅಂತಾರೆ, ಕೇಳದೆ ಇದ್ದರೆ ತಮ್ಮದನ್ನೇ ಕಂತಿಗೆ ಸೇರಿಸಿಬಿಡುತ್ತಾರೆ. ನನ್ನ ಕಾಗದದಲ್ಲಿ ಅದು 400 ಡಾಲರ್ ಇತ್ತು. ನಮ್ಮ ಮನೆ ವಿಮೆಯಲ್ಲಿ ಮನೆಯ ಕೆಲಸಕ್ಕೆ ಮಾತ್ರ ಬಳಸುವ ಮೋವರ್ ಸೇರುತ್ತದೆ ಅಂತ ಏಜೆಂಟರಿಂದ ಪತ್ರ ತರಿಸಿಕೊಟ್ಟೆ, ತೆಗೆದರು. ಇನ್ನೊಂದು, ಅಂಗಡಿ ಕಾರ್ಡುಗಳ ಮೇಲೆ ಹನ್ನೆರಡು ತಿಂಗಳು ಬಡ್ಡಿ ಇಲ್ಲ ಅಂತ ಬರೆದಿರುತ್ತದೆ. ಕೆಳಗೆ ಸಣ್ಣ ಅಕ್ಷರ ಓದಿ. ಕೊನೆಯ ದಿನ ಒಂದು ಡಾಲರ್ ಬಾಕಿ ಉಳಿದರೂ ಮೊದಲ ದಿನದಿಂದ ಲೆಕ್ಕ ಹಾಕಿ ಪೂರ್ತಿ ಬಡ್ಡಿ ಹಾಕುವ ಬಗೆಯದು ಇರುತ್ತದೆ. ಅದೂ ಮೇಲೆ ಹೇಳಿದ ಬಡ್ಡಿಯಿಲ್ಲದ ಕಂತೂ ಒಂದೇ ಅಲ್ಲ. ಕೈಯಲ್ಲಿ ದುಡ್ಡಿದ್ದರೆ ನಗದಿಗೆ ಎಷ್ಟು ಬಿಡುತ್ತೀರಿ ಅಂತಲೂ ಕೇಳಿ, ಬಡ್ಡಿಯಿಲ್ಲದ ಕಂತಿನ ಬದಲು ರಿಯಾಯಿತಿ ಕೊಡುವವರಿದ್ದಾರೆ.

ಆಮೇಲೆ ಕಾಯುವುದು. ಅದೇ ಕಷ್ಟ. ನಮಗೆ ಬೇಕಾದ ಅಳತೆ ಸ್ಟಾಕ್ ಇರಲಿಲ್ಲ. ಈ ವಾರ, ಮುಂದಿನ ವಾರ ಅಂತ ಏಪ್ರಿಲ್ ಕಳೆಯಿತು. ಮಳೆ ಬಿತ್ತು, ಹುಲ್ಲು ಮೊಣಕಾಲಿಗೆ ಬಂತು. ಈ ಕಡೆ ಕಾಪರ್‌ಹೆಡ್ ಅನ್ನುವ ವಿಷದ ಹಾವು ಇದೆ, ಒಣಗಿದ ಎಲೆಯದೇ ಬಣ್ಣ. ಮಗಳು ಹೊರಗೆ ಆಡಲು ಹೋದಾಗೆಲ್ಲ ನನ್ನ ಅಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದರು. ಮನಸ್ಸಿಗೆ ಸಮಾಧಾನವಿಲ್ಲದೆ ಕೊನೆಗೆ ದುಡ್ಡು ಕೊಟ್ಟೇ ಹೊಡೆಸಿದೆವು. ನೀವು ತಗೊಳ್ಳುವುದಾದರೆ ಚಳಿಗಾಲದಲ್ಲೇ ಆರ್ಡರ್ ಕೊಡಿ. ಡಿಸೆಂಬರ್, ಜನವರಿಯಲ್ಲಿ ಡೀಲರಿಗೂ ಮಾತಾಡಲು ಪುರುಸೊತ್ತು ಇರುತ್ತದೆ.

ಯಂತ್ರ ಬಂದ ದಿನ ಟ್ರೇಲರಿನಿಂದ ಇಳಿಸುವಾಗಲೇ ಎಡಕ್ಕೆ ಎಳೆಯುತ್ತಿತ್ತು. ಹಿಂದಿನ ಒಂದು ಟೈರಿನಲ್ಲಿ ಗಾಳಿ ಮಿತಿಮೀರಿ ಇತ್ತು, ಇನ್ನೊಂದರಲ್ಲಿ ಅದರ ಅರ್ಧ. ಹೀಗಿದ್ದರೆ ಡೆಕ್ ಓರೆಯಾಗಿ ಹುಲ್ಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ತಂದವನ ಎದುರೇ ಗೇಜ್ ಹಿಡಿದು ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಮಾಡಿಸಿದೆ, ಡೆಕ್ಕಿನ ಎಡ ಬಲ ಬ್ಲೇಡ್ ತುದಿಯ ಎತ್ತರವನ್ನೂ ಅಳೆಸಿದೆ. ಸಹಿ ಹಾಕುವ ಮೊದಲು ಇಷ್ಟು ನೋಡಿಕೊಳ್ಳಿ. ಸೀರಿಯಲ್ ನಂಬರಿನ ಫೋಟೋ ತೆಗೆದು ಅವತ್ತೇ ವಾರಂಟಿಗೆ ನೋಂದಾಯಿಸಿ. ನಮ್ಮದಕ್ಕೆ ಮೂರು ವರ್ಷ ಇದೆ, ಪಕ್ಕದ ಮನೆಯದನ್ನು ದುಡ್ಡಿಗೆ ಹೊಡೆದುಕೊಟ್ಟರೆ ಅದು ವ್ಯಾಪಾರದ ಬಳಕೆ ಅಂತಾಗಿ ವಾರಂಟಿಗೆ ತೊಂದರೆ.

ಮೊದಲ ಸಲ ಮೂರೂವರೆ ಇಂಚಿಗೆ ಇಟ್ಟು ಹೊಡೆದೆ. ಫೆಸ್ಕ್ಯೂವನ್ನು ಅದಕ್ಕಿಂತ ತುಂಬ ಕೆಳಗೆ ಇಳಿಸಿದರೆ ಬೇಸಿಗೆ ತಡೆಯುವುದಿಲ್ಲ, ಒಂದೇ ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಕತ್ತರಿಸಲೂ ಬಾರದು. ಕಾಗದದ ಲೆಕ್ಕ ಒಂದು ಗಂಟೆ ಹದಿನೇಳು ನಿಮಿಷ ಇತ್ತಲ್ವಾ, ಮರಗಳನ್ನು ಸುತ್ತಿ ಮುಗಿಸುವಾಗ ಒಂದೂವರೆ ಗಂಟೆ ಮೀರಿತು. ನನಗೆ ತುಂಬ ಸಂತೋಷವಾಯಿತು. ಕೆರೆಯ ಅಂಚಿನಿಂದ ಯಂತ್ರದ ಎರಡರಷ್ಟು ಅಗಲ ಬಿಟ್ಟು ಅಪ್ಪ ಬಿಳಿ ಕಡ್ಡಿ ನೆಟ್ಟಿದ್ದಾರೆ, ಅದನ್ನು ದಾಟುವುದಿಲ್ಲ.

ಏರಿಗೆ ಹಳೆಯದೊಂದು 21 ಇಂಚಿನ ತಳ್ಳುವ ಮೋವರ್ ತಂದೆವು, ತಾನೇ ಮುಂದೆ ಹೋಗುವಂಥದ್ದು, 180 ಡಾಲರ್. ಇಲ್ಲಿ ಒಂದು ವಿಷಯ ನೆನಪಿಡಿ. ಕೂತು ಓಡಿಸುವ ಯಂತ್ರವನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸಬೇಕು, ಅಡ್ಡ ಹೋಗಬಾರದು. ತಳ್ಳುವುದನ್ನು ಅಡ್ಡಕ್ಕೇ ತಳ್ಳಬೇಕು, ಮೇಲೆ ಕೆಳಗೆ ಅಲ್ಲ. ಕಾಲು ಜಾರಿದರೆ ಬ್ಲೇಡ್ ಕಡೆ ಹೋಗಬಾರದಲ್ಲ, ಅದಕ್ಕೆ. ಎರಡಕ್ಕೂ ಹುಲ್ಲು ಒಣಗಿರಲೇಬೇಕು. ನಮ್ಮಲ್ಲಿ ಬೆಳಗ್ಗೆ ಹತ್ತರ ತನಕ ಇಬ್ಬನಿ ಆರುವುದಿಲ್ಲ.

ಮುಂದಿನ ಖರ್ಚುಗಳನ್ನೂ ಹೇಳಿಬಿಡುತ್ತೇನೆ. ನನ್ನ ಎಂಜಿನ್‌ಗೆ ಮೊದಲ ಆಯಿಲ್ 8 ಗಂಟೆ ಓಡಿದ ಮೇಲೆ ಬದಲಿಸಬೇಕು, ಆಮೇಲೆ 100 ಗಂಟೆಗೊಮ್ಮೆ. ಪೆಟ್ರೋಲಿನಲ್ಲಿ ಎಥನಾಲ್ ಶೇ. 10 ದಾಟಬಾರದು. ಎಥನಾಲ್ ಇಲ್ಲದ್ದೇ ಸಿಕ್ಕರೆ ಒಳ್ಳೆಯದು, ಚಳಿಗಾಲಕ್ಕೆ ನಿಲ್ಲಿಸುವ ಮೊದಲು ಟ್ಯಾಂಕಿಗೆ ಸ್ಟೆಬಿಲೈಸರ್ ಹಾಕಿ ಐದು ಹತ್ತು ನಿಮಿಷ ಓಡಿಸಿಡಬೇಕು. ಒಂದು ಸೆಟ್ ಬ್ಲೇಡ್, ಒಂದು ಬೆಲ್ಟ್ ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಈ ಕಡೆ ಜಾಗ ತಗೊಂಡವರು ಯಾರಿಗಾದರೂ ಇಳಿಜಾರು ಅಳೆಯುವುದಿದ್ದರೆ ದಾರ, ಲೆವೆಲ್ ಎರಡೂ ಶೆಡ್ಡಿನಲ್ಲಿವೆ, ಬಂದು ತಗೊಂಡು ಹೋಗಬಹುದು.